ಬಿಟ್ಟ ಸೂಜಿಯನ್ನು ತಿರಿಗಿ ಹಿಡಿಯುವದು



ಬೇನೆಯಿಂದ ಎದ್ದವರು ಮೊದಲು ಏನು ಮಾಡತಕ್ಕದ್ದೆಂದು ಕೇಳಿದರೆ ಉತ್ತರವು ಕೂಡಲೆ ಸಿಕ್ಕುವದು. ಔಷಧವನ್ನು ತಪ್ಪದೆ ತೆಗೆದುಕೊಳ್ಳಬೇಕು, ಪಥ್ಯವನ್ನು ಕಾಯಬೇಕು, ಮನೆಯ ಕೆಲಸವನ್ನೂ ಹೊಲದ ಕೆಲಸವನ್ನೂ ಮೆಲ್ಲಮೆಲ್ಲಗೆ ಆರಂಭಿಸಬೇಕು ಎಂದು ಎಲ್ಲರೂ ಹೇಳುವರು. ಇದೆಲ್ಲಾ ಸರಿಯೇ. ಆದರೆ ಬೇನೆಗೆ ಮುಂಚೆ ಅವರು ಸಂತೋಷಕ್ಕೋಸ್ಕರ ಮಾತ್ರವೇ ಮಾಡುತ್ತಿದ್ದ ಕೆಲಸವೊಂದಿದ್ದರೆ ಅದರ ಗತಿ ಏನು? ಒಬ್ಬಳು ಬಟ್ಟೆಯ ಮೇಲೆ ನೂಲಿನಿಂದ ಹೂಗಳನ್ನು ತೆಗೆಯುತ್ತಿದ್ದಳು. ಒಬ್ಬನು ಸಂಜೆಯ ಹೊತ್ತು ಹಾರ್ಮೋನಿಯಮ್ ನುಡಿಸುತ್ತಿದ್ದನು. ಮತ್ತೊಬ್ಬನು ಹಿತ್ತಲಲ್ಲಿ ಸೇವಂತಿಗೆಯನ್ನು ಬೆಳೆಸುತ್ತಿದ್ದನು. ಇಂಥವರು ಅದನ್ನು ತಿರಿಗಿ ಹಿಡಿಯಬೇಕೋ ಬಿಡಬೇಕೋ ಎಂದು ಯಾರೂ ಕೇಳುವದಿಲ್ಲ. ಅದು ಕೇಳತಕ್ಕ ಮಾತೇ ಅಲ್ಲವೆಂದು ಎಣಿಸುವರು. ಇದು ಸಣ್ಣ ಪ್ರಶ್ನೆಯಲ್ಲವೆಂದು ನಾವು ಈಚೆಗೆ ಕಲಿತೆವು. ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ನಮ್ಮ ಹಾಸನ ಸೀಮೆಯವರು 2025ನೆಯ ವರುಷದ ಮುಂಗಾರನ್ನು ಮರೆಯುವಂತಿಲ್ಲ. ಮೇ ತಿಂಗಳ ಕಡೆಯಿಂದ ಜೂನ್ ತಿಂಗಳ ಕಡೆಯ ವರೆಗೆ, ಸುಮಾರು 40 ದಿವಸಗಳೊಳಗೆ, ಜಿಲ್ಲೆಯಲ್ಲಿ 20ಕ್ಕಿಂತ ಹೆಚ್ಚು ಮಂದಿ ಹೃದಯಾಘಾತದಿಂದ ಹಠಾತ್ತಾಗಿ ತೀರಿಹೋದರೆಂಬ ವಾರ್ತೆಯು ಮನೆಮನೆಯನ್ನೂ ಮುಟ್ಟಿತು. ಅವರಲ್ಲಿ ಎಳೆಯ ಪ್ರಾಯದವರೂ ಇದ್ದರು. ಅರಸೀಕೆರೆಯ ಸಂತೆಯಲ್ಲಿಯೂ ಬೇಲೂರಿನ ಬಸ್ಸು ನಿಲ್ದಾಣದಲ್ಲಿಯೂ ಬೇರೆ ಮಾತಿರಲಿಲ್ಲ. ಎದೆಯಲ್ಲಿ ಸ್ವಲ್ಪ ಚುಚ್ಚಿದರೂ ಎಡಗೈ ಸ್ವಲ್ಪ ಜೋಮು ಹಿಡಿದರೂ ಜನರು ನಡುರಾತ್ರಿಯಲ್ಲಿ ಎದ್ದು ಕೂತರು. ಜುಲೈ ತಿಂಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಗೆ ಪರೀಕ್ಷೆಗಾಗಿ ಹೋದವರ ಗುಂಪು ವೈದ್ಯರಿಗೆ ಸಂಭಾಳಿಸಲಾರದಷ್ಟಾಯಿತು. ಸರಕಾರವು ಈ ಮರಣಗಳ ವಿಚಾರಣೆಗೆ ತಜ್ಞರನ್ನು ನೇಮಿಸಿತು. ಅವರು 24 ಮರಣಗಳನ್ನು ಪರೀಕ್ಷಿಸಿ, ಅವುಗಳಲ್ಲಿ 4 ಹೃದಯದ ಬೇನೆಯಿಂದಾದವುಗಳಲ್ಲವೆಂದೂ, ಹಿಂದಿನ ಕಾಲಕ್ಕಿಂತ ಅಸಾಧಾರಣವಾದ ಹೆಚ್ಚಳವೇನೂ ಕಾಣುವದಿಲ್ಲವೆಂದೂ ಅದೇ ಜುಲೈಯಲ್ಲಿ ತಿಳಿಸಿದರು. ಲೆಕ್ಕವು ಹೀಗೆ ಸಮಾಧಾನ ಹೇಳಿತು. ಆದರೆ ಹೆದರಿದ ಎದೆಯು ಲೆಕ್ಕಕ್ಕೆ ಕಿವಿಗೊಡುವದು ಅಪರೂಪ.

ಆ ಜೂನ್ ತಿಂಗಳ ಒಂದು ರಾತ್ರಿ ನಮಗೂ ಎದೆ ಹಿಡಿದಂತಾಯಿತು. ಮೈ ಬೆವರಿತು, ಉಸಿರು ಸಾಲದೆ ಹೋಯಿತು. ಬೆಳಗಾಗುವಷ್ಟರಲ್ಲಿ ನಮ್ಮನ್ನು ಆಸ್ಪತ್ರೆಗೆ ಸೇರಿಸಿದರು. ಹೃದಯಕ್ಕೆ ಏಟು ಬಿದ್ದಿಲ್ಲ, ಆದರೆ ರಕ್ತದ ಒತ್ತಡವು ಬಹು ದಿವಸಗಳಿಂದ ಏರಿಕೊಂಡಿದೆ ಎಂದು ವೈದ್ಯರು ಹೇಳಿ, ದಿನಕ್ಕೊಂದು ಮಾತ್ರೆಯನ್ನೂ ಉಪ್ಪು ಕಡಿಮೆಯ ಊಟವನ್ನೂ ಬೆಳಗಿನ ನಡಿಗೆಯನ್ನೂ ನೇಮಿಸಿ ಮೂರನೆಯ ದಿವಸ ಮನೆಗೆ ಕಳುಹಿಸಿದರು. ಮನೆಯಲ್ಲಿ ಮೇಜಿನ ಮೇಲೆ ನಮ್ಮ ಕೆಲಸವು ಬಿಟ್ಟಂತೆಯೇ ಇತ್ತು. ಅದು ಕ್ರಾಸ್ ಸ್ಟಿಚ್ಚಿನ ಮೇಜುವಸ್ತ್ರ. ಒಂದು ಓರೆ ಎಳೆಯ ಮೇಲೆ ಇನ್ನೊಂದು ಓರೆ ಎಳೆಯನ್ನು ಹಾಯಿಸಿ ಗುಣಾಕಾರದ ಗುರುತಿನಂತೆ ಹಾಕುವ ಈ ಹೊಲಿಗೆಯನ್ನು ನಮ್ಮ ಅಜ್ಜಿಯರು ಮಿಶನ್ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತು ನಮಗೆ ಕಲಿಸಿದ್ದರು. ಮೂರು ಮೂಲೆಗಳಲ್ಲಿ ಗುಲಾಬಿಗಳು ಮುಗಿದಿದ್ದವು. ನಾಲ್ಕನೆಯದರಲ್ಲಿ ಒಂದು ಎಲೆ ಮಾತ್ರ ಆಗಿತ್ತು. ನಾವು ಅದನ್ನು ಮಡಚಿ ತಗಡಿನ ಪೆಟ್ಟಿಗೆಯಲ್ಲಿಟ್ಟೆವು. ಐದು ತಿಂಗಳು ಅದನ್ನು ತೆರೆಯಲಿಲ್ಲ.

ಯಾಕೆ ತೆರೆಯಲಿಲ್ಲವೆಂದು ಈಗ ವಿಚಾರಿಸಿಕೊಂಡರೆ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು ಭಯ: ಆರಂಭಿಸಿದರೆ ಮುಗಿಸುವ ವರೆಗೆ ಇರುತ್ತೇವೋ ಇಲ್ಲವೋ, ಅರ್ಧವಾದದ್ದು ಅರ್ಧವಾಗಿಯೇ ಉಳಿದರೆ, ನೋಡಿದವರೆಲ್ಲಾ ಅಯ್ಯೋ ಎನ್ನುವರು. ಎರಡನೆಯದು ಮನಸ್ಸಾಕ್ಷಿಯ ಚುಚ್ಚುವಿಕೆ: ಎಷ್ಟೋ ಎಳೆಯರು ಹೋದಾಗ ನಮಗೆ ಉಳಿದ ಈ ದಿವಸಗಳನ್ನು ನೂಲಿನ ಗುಲಾಬಿಗಳಲ್ಲಿ ಕಳೆಯುವದು ನ್ಯಾಯವೋ? ಮೂರನೆಯದು ನಾಚಿಕೆ: ಬೇನೆಯ ಮೇಲೆ ಕೈ ಸ್ವಲ್ಪ ನಡುಗುತ್ತಿತ್ತು, ಮೊದಲಿನ ಮೂರು ಮೂಲೆಗಳ ಪಕ್ಕದಲ್ಲಿ ನಾಲ್ಕನೆಯದು ಸೊಟ್ಟಗಾದೀತೆಂದು ತೋಚಿತು. ಈ ಮೂರನ್ನೂ ನಾವು ಯಾರಿಗೂ ಹೇಳಲಿಲ್ಲ. ಇನ್ನು ಇವೆಲ್ಲಾ ಯಾಕೆ ಎಂದು ಮಾತ್ರ ಹೇಳಿದೆವು. ಕೇಳಿದವರು ಅದನ್ನು ವಿವೇಕವೆಂದು ಹೊಗಳಿದರು.

ದಶಂಬರ ತಿಂಗಳ ಒಂದು ಮಧ್ಯಾಹ್ನ ನೆರೆಮನೆಯ ಸೊಸೆಯು ಕೈಯಲ್ಲಿ ಒಂದು ಗಂಟನ್ನು ಹಿಡಿದುಕೊಂಡು ಬಂದಳು. ಅವಳ ಅತ್ತೆಯವರು ಧಾರವಾಡದ ಕಡೆಯವರು. ಗಂಡನಿಗೆ ರೈಲ್ವೆಯಲ್ಲಿ ಕೆಲಸವಾದ್ದರಿಂದ ಅರಸೀಕೆರೆ ಜಂಕ್ಷನ್ನಿಗೆ ಬಂದು ಇಲ್ಲಿಯೇ ನೆಲಸಿದರು. ಆ ಭಯದ ಜೂನ್ ತಿಂಗಳಲ್ಲಿಯೇ ಊಟವಾದ ಮೇಲೆ ಮಲಗಿದವರು ಏಳಲಿಲ್ಲ. ಆಗ ಸೊಸೆಯು ತುಂಬು ಗರ್ಭಿಣಿ. ಆಗಸ್ಟಿನಲ್ಲಿ ಮಗು ಹುಟ್ಟಿತು. ಗಂಟಿನಲ್ಲಿದ್ದದ್ದು ಆ ಮಗುವಿಗೋಸ್ಕರ ಅತ್ತೆಯವರು ಕಸೂತಿ ಹಾಕುತ್ತಿದ್ದ ಕುಂಚಿಗೆ. ತಲೆಯಿಂದ ಬೆನ್ನಿನ ವರೆಗೆ ಇಳಿಯುವ ಆ ಬಟ್ಟೆಯ ಮೇಲೆ ಒಂದು ಗೋಪುರವೂ ಎರಡು ನವಿಲುಗಳೂ ಮುಗಿದಿದ್ದವು. ಬೆನ್ನಿನ ನಡುವೆ ಒಂದು ಆನೆಯು ಅರ್ಧವಾಗಿತ್ತು. ಸೂಜಿಯು ಬಟ್ಟೆಯಲ್ಲಿಯೇ ಚುಚ್ಚಿಕೊಂಡಿದ್ದು, ತುಕ್ಕು ಹಿಡಿದು, ಕಂದು ಕಲೆಯೊಂದನ್ನು ಬಿಟ್ಟಿತ್ತು.

“ಅಮ್ಮಾ, ಮಗುವಿಗೆ ಚಳಿ ಶುರುವಾಯಿತು. ಅತ್ತೆಯವರು ಎಲ್ಲಿಗೆ ಬಿಟ್ಟರೋ ನನಗೆ ತಿಳಿಯುವದಿಲ್ಲ. ಇದನ್ನು ಬಿಚ್ಚಿಬಿಡಲೋ, ಹೀಗೆಯೇ ಎತ್ತಿಡಲೋ, ನೀವೇ ಹೇಳಿರಿ,” ಅಂದಳು.

ನಮ್ಮ ಕೈಯಿಂದ ಆಗದು ಎನ್ನಬೇಕೆಂದಿದ್ದೆವು. ಆದರೆ ಕೈ ಆಗಲೇ ಬಟ್ಟೆಯನ್ನು ಬೆಳಕಿಗೆ ಹಿಡಿದಿತ್ತು.

ಕಸೂತಿಯನ್ನು ತಿಳಿಯದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಅದರಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು: ಗವಂತಿ, ಮುರ್ಗಿ, ನೇಗಿ, ಮೆಂತೆ. ಮುರ್ಗಿಯು ಮೆಟ್ಟಲುಗಳಂತೆ ಏರುವದು. ನೇಗಿಯು ನೆಯ್ಗೆಯಂತೆ ಕಾಣುವದು. ಮೆಂತೆಯೆಂಬದು ನಾವು ಶಾಲೆಯಲ್ಲಿ ಕಲಿತ ಆ ಕ್ರಾಸ್ ಸ್ಟಿಚ್ಚೇ. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವದಿಲ್ಲ. ನೆಯ್ಗೆಯ ಎಳೆಗಳನ್ನು ಎಣಿಸಿ ಹಾಕುವರು. ನೂಲಿಗೆ ಗಂಟು ಹಾಕುವದಿಲ್ಲ. ಗವಂತಿಯ ಕ್ರಮವು ವಿಶೇಷವಾದದ್ದು. ಸೂಜಿಯು ಹೋಗುವಾಗ ಒಂದು ಹೊಲಿಗೆ ಹಾಕಿ ಅಷ್ಟೇ ಅಳತೆಯ ಜಾಗವನ್ನು ಬಿಡುತ್ತಾ ಹೋಗುವದು. ಗೆರೆಯ ಕಡೆಯನ್ನು ಮುಟ್ಟಿದ ಮೇಲೆ ಬಂದ ದಾರಿಯಲ್ಲಿಯೇ ಹಿಂದಿರುಗಿ, ಬಿಟ್ಟ ಜಾಗಗಳನ್ನೆಲ್ಲಾ ತುಂಬುವದು. ಆಗ ಗೆರೆಯು ಪೂರ್ಣವಾಗಿ, ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ರೀತಿ ಕಾಣುವದು.

ಆನೆಯ ಬೆನ್ನಿನ ಗೆರೆಯು ತುಂಡುತುಂಡಾಗಿತ್ತು. ಹುಳು ತಿಂದಿತೋ ನೂಲು ಹರಿಯಿತೋ ಎಂದು ಆ ಹುಡುಗಿಯು ಹೆದರಿದ್ದಳು. ಹುಳುವೂ ತಿಂದಿರಲಿಲ್ಲ, ನೂಲೂ ಹರಿದಿರಲಿಲ್ಲ. ಅವಳ ಅತ್ತೆಯವರು ಗೆರೆಯ ಕೊನೆಯ ವರೆಗೆ ಹೋಗಿದ್ದರು. ಹಿಂದಿರುಗಿ ಬರುವದು ಮಾತ್ರ ಉಳಿದಿತ್ತು. ಸೂಜಿಯು ತಿರುಗುವ ಸ್ಥಳದಲ್ಲಿಯೇ ನಿಂತಿತ್ತು. ನಾವು ಇದನ್ನು ಅವಳಿಗೆ ತೋರಿಸಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಅಂದಳು, “ಹಾಗಾದರೆ ಏನನ್ನೂ ಬಿಚ್ಚಬೇಕಾದದ್ದಿಲ್ಲವಷ್ಟೆ?”

ಬಿಚ್ಚಬೇಕಾದದ್ದೇನೂ ಇರಲಿಲ್ಲ. ಅಂದಿನಿಂದ ಅವಳು ಮಗು ಮಲಗಿದ ಹೊತ್ತಿನಲ್ಲಿ ನಮ್ಮ ಬಳಿಗೆ ಬರುತ್ತಿದ್ದಳು. ನಾವು ಎಣಿಸಿ ಹೇಳಿದೆವು; ಅವಳು ಹಾಕಿದಳು. ನಾಲ್ಕನೆಯ ದಿವಸ ಅವಳ ಮುಂದೆ ಸುಮ್ಮನೆ ಕೂತಿರಲಾರದೆ ತಗಡಿನ ಪೆಟ್ಟಿಗೆಯನ್ನು ತೆಗೆದೆವು. ಆ ದಿವಸಗಳಲ್ಲಿ ನಮ್ಮ ಮೂರು ಕಾರಣಗಳಿಗೂ ಒಂದೊಂದಾಗಿ ಉತ್ತರ ತಿಳಿಯುತ್ತಾ ಬಂದಿತು.

ಮುಗಿಯದೆ ಹೋದೀತೆಂಬ ಭಯವನ್ನು ಮೊದಲು ನೋಡೋಣ. ಮುಗಿಯದ ಕೆಲಸವು ನಷ್ಟವೆಂದು ನಾವು ಎಣಿಸುವದರಿಂದಲ್ಲವೇ ಈ ಭಯವು? ನಮ್ಮ ಸಮೀಪದಲ್ಲಿಯೇ ಹಳೇಬೀಡು ಇದೆ. ಹೊಯ್ಸಳೇಶ್ವರ ದೇವಾಲಯದ ಕೆಲಸವು 12ನೆಯ ಶತಮಾನದಲ್ಲಿ ಆರಂಭವಾಗಿ ಬಹು ಕಾಲ ನಡೆದರೂ ಎಲ್ಲವೂ ಮುಗಿಯಲಿಲ್ಲ. 1311ರಲ್ಲಿ ದಿಲ್ಲಿಯ ದಂಡು ಈ ಪಟ್ಟಣದ ಮೇಲೆ ಬಿದ್ದಿತು. ಇಂದಿಗೂ ಅದಕ್ಕೆ ಶಿಖರಗಳಿಲ್ಲ. ಅಡಿಯ ಸಾಲಿನಲ್ಲಿ ಆನೆಗಳು ಒಂದರ ಹಿಂದೆ ಒಂದಾಗಿ ಗೋಡೆಯ ಮೂಲೆಮೂಲೆಗಳನ್ನು ಸುತ್ತಿ ಹೋಗುತ್ತವೆ. ಅವುಗಳನ್ನು ಕೆತ್ತಿದವರಲ್ಲಿ ಎಷ್ಟು ಮಂದಿ ಮೇಲಣ ಸಾಲುಗಳನ್ನು ಕಂಡಿದ್ದಾರು? ನೋಡುವದಕ್ಕೆ ಬರುವವರು ಮುಗಿಯಲಿಲ್ಲವಲ್ಲಾ ಎಂದು ಅಳುತ್ತಾ ಹೋಗುವದಿಲ್ಲ. ಆನೆಯ ಮುಂದೆ ನಿಂತು ಬೆರಗಾಗುತ್ತಾರೆ. ಕೆತ್ತಿದಷ್ಟು ಆನೆಯು ಪೂರ್ತಿ ಆನೆಯೇ. ಹಾಕಿದಷ್ಟು ಹೊಲಿಗೆಯೂ ಹಾಗೆಯೇ. ನಾಳೆ ಏನಾಗುವದೋ ಅದು ಇಂದಿನ ಹೊಲಿಗೆಯನ್ನು ಬಿಚ್ಚಲಾರದು.

ಮತ್ತೊಂದು ಸಂಗತಿ. ನಾವು ಬಿಟ್ಟದ್ದನ್ನು ಮತ್ತೊಬ್ಬರು ಹಿಡಿಯಬಹುದು. ಮೊದಲನೆಯ ಮಹಾಯುದ್ಧದಲ್ಲಿ ಗಾಯಪಟ್ಟ ಸಿಪಾಯಿಗಳು ಆಸ್ಪತ್ರೆಗಳ ಹಾಸಿಗೆಗಳಲ್ಲಿದ್ದುಕೊಂಡೇ ಕಸೂತಿಯನ್ನು ಕಲಿತರು. ಲಂಡನಿನ ಸಂತ ಪೌಲರ ದೇವಾಲಯಕ್ಕೋಸ್ಕರ ನೂರಕ್ಕಿಂತ ಹೆಚ್ಚು ಮಂದಿ ಸಿಪಾಯಿಗಳು ಬೇರೆಬೇರೆ ಆಸ್ಪತ್ರೆಗಳಲ್ಲಿ ಕೂತು ಒಂದು ವಸ್ತ್ರದ ಬೇರೆಬೇರೆ ತುಂಡುಗಳನ್ನು ಹೊಲಿದರು. ಅವುಗಳನ್ನು ಒಂದಾಗಿ ಸೇರಿಸಿ ಯುದ್ಧವು ಮುಗಿದ ಮೇಲೆ 1919ರ ಸ್ತುತಿಯಾರಾಧನೆಯಲ್ಲಿ ಉಪಯೋಗಿಸಿದರು. ಯಾವ ಒಬ್ಬನೂ ಇದನ್ನು ಮುಗಿಸಿದವನು ನಾನು ಎನ್ನುವಂತಿರಲಿಲ್ಲ. ಹಾಗೆಂದು ಯಾರ ಹೊಲಿಗೆಯೂ ವ್ಯರ್ಥವಾಗಲಿಲ್ಲ.

ಎರಡನೆಯ ಆಕ್ಷೇಪವು ಇದಕ್ಕಿಂತ ಭಾರವಾದದ್ದು. ಉಳಿದ ದಿವಸಗಳನ್ನು ದೊಡ್ಡ ಕೆಲಸಕ್ಕೆ ಕೊಡಬೇಕಲ್ಲವೇ? ಕೊಡಬೇಕು. ಆದರೆ ಬೇನೆಗೆ ಮುಂಚಿನ ದಿವಸಗಳು ನಾವು ಸಂಪಾದಿಸಿಟ್ಟುಕೊಂಡವುಗಳೋ? ಅವು ಕೂಡಾ ಕೊಡಲ್ಪಟ್ಟವುಗಳೇ, ಅವು ಕೂಡಾ ಎಣಿಕೆಯವುಗಳೇ. ಬೇನೆಯು ದಿವಸಗಳನ್ನು ಕಡಿಮೆ ಮಾಡಲಿಲ್ಲ. ಅವು ಎಣಿಕೆಯವುಗಳೆಂದು ತೋರಿಸಿತು, ಅಷ್ಟೆ. ಆಗ ಹೊಲಿಯುವದು ತಪ್ಪಲ್ಲವಾಗಿದ್ದರೆ ಈಗಲೂ ತಪ್ಪಲ್ಲ. ನೆರೆಯವರು ಬಾಗಿಲು ತಟ್ಟುವಾಗ ತಲೆಯೆತ್ತದೆ ಹೊಲಿಯುತ್ತಿದ್ದರೆ ಅದು ಆಗಲೂ ತಪ್ಪಾಗಿತ್ತು, ಈಗಲೂ ತಪ್ಪೇ.

ಯೊಪ್ಪದಲ್ಲಿದ್ದ ತಬಿಥಾ ಎಂಬವಳ ಸಂಗತಿಯನ್ನು ವಾಚಕರು ಬಲ್ಲರು. ಅವಳು ಬೇನೆಯಿಂದ ಸತ್ತಾಗ ವಿಧವೆಯರು ಅವಳು ಮಾಡಿಕೊಟ್ಟ ಅಂಗಿಗಳನ್ನು ತೋರಿಸಿ ಅತ್ತರು. ಅವಳು ತಿರಿಗಿ ಎದ್ದ ಮೇಲೆ ಏನು ಮಾಡಿದಳೆಂದು ಬರೆದಿಲ್ಲ. ಸೂಜಿಯನ್ನು ಮೂಲೆಗೆ ಹಾಕಿದಳೆಂದು ನಾವಂತೂ ನಂಬಲಾರೆವು. ಅವಳು ಹೊಲಿದದ್ದು ಬಡವರ ಮೈ ಮುಚ್ಚುವ ಬಟ್ಟೆ, ನೀವು ಹೊಲಿಯುವದು ಬರೀ ಹೂ ಎಂದು ಯಾರಾದರೂ ಹೇಳಬಹುದು. ಒಳ್ಳೇದು. ಆದರೆ ಆ ಕುಂಚಿಗೆಯನ್ನು ನೆನಸಿರಿ. ಬಟ್ಟೆಯು ಬರಿದಾಗಿದ್ದರೂ ಮಗುವನ್ನು ಬೆಚ್ಚಗೆ ಇಡುತ್ತಿತ್ತು. ಹಾಗಿದ್ದರೆ ಅಜ್ಜಿಯು ಆನೆಯನ್ನು ಯಾಕೆ ಹಾಕಿದರು? ನೀನು ಹುಟ್ಟುವದಕ್ಕೆ ಮುಂಚೆಯೇ ನಿನ್ನ ದಾರಿಯನ್ನು ಒಬ್ಬರು ಕಾಯುತ್ತಿದ್ದರೆಂದು ಆ ಮಗುವಿಗೆ ಹೇಳುವದು ಬಟ್ಟೆಯಲ್ಲ, ಆನೆಯೇ. ನಮ್ಮ ಸೀಮೆಯ ತಾಂಡಾಗಳಲ್ಲಿ ಕೂಲಿ ಮಾಡಿ ದಣಿದು ಬಂದ ಲಂಬಾಣಿ ತಾಯಂದಿರು ಕನ್ನಡಿ ಬಿಲ್ಲೆಗಳನ್ನು ಹಚ್ಚಿ ಹೊಲಿಯುತ್ತಿದ್ದದ್ದು ಬಿಡುವು ಹೆಚ್ಚಾಗಿ ಅಲ್ಲ.

ಇದಲ್ಲದೆ, ಆ ಐದು ತಿಂಗಳು ಹೊಲಿಗೆಯನ್ನು ಬಿಟ್ಟು ನಾವು ಯಾವ ದೊಡ್ಡ ಕೆಲಸವನ್ನು ಮಾಡಿದೆವು? ನಿಜವನ್ನು ಹೇಳಬೇಕಾದರೆ, ನಮ್ಮ ನಾಡಿಯನ್ನು ಎಣಿಸುತ್ತಾ ಕೂತೆವು. ಬೆಳಿಗ್ಗೆ ಎಣಿಸಿದೆವು, ಮಧ್ಯಾಹ್ನ ಎಣಿಸಿದೆವು, ರಾತ್ರಿ ಎಚ್ಚರವಾದಾಗೆಲ್ಲಾ ಎಣಿಸಿದೆವು. ನೆರೆಯವಳು ಅತ್ತೆಯನ್ನು ಕಳಕೊಂಡು ಬಾಣಂತಿಯಾಗಿದ್ದಾಗ ಒಂದು ಸಾರಿ ಹೋಗಿ ನೋಡಿ ಬಂದವರು ಎರಡನೆಯ ಸಾರಿ ಹೋಗಲಿಲ್ಲ. ಹೂಗಳನ್ನು ಬಿಟ್ಟದ್ದರಿಂದ ನಾವು ಪರೋಪಕಾರಿಗಳಾಗಲಿಲ್ಲ. ನಮ್ಮನ್ನೇ ಕಾಯುವ ಕಾವಲುಗಾರರಾದೆವು. ಅದೇ ಬೆರಳು ಅವಳ ಆನೆಯ ಎಳೆಗಳನ್ನು ಎಣಿಸುವದಕ್ಕೆ ತೊಡಗಿದಾಗ ನಾಡಿಯನ್ನು ಎಣಿಸುವದನ್ನು ಮರೆತಿತು. ಕಣ್ಣನ್ನು ತನ್ನ ಮೇಲಿಂದ ಎತ್ತಿ ಬೇರೊಂದರ ಮೇಲಿಡುವದೇ ಸಂತೋಷದ ಕೆಲಸದ ಉಪಯೋಗವು. ಹಾಗೆ ಎತ್ತಿದ ಕಣ್ಣಿಗೆ ನೆರೆಯವರೂ ಕಾಣುವರು.

ಇನ್ನು ಕೈಯ ನಾಚಿಕೆ. ಬೇಲೂರಿನಲ್ಲಿ ಜಕಣಾಚಾರಿಯ ಕಥೆಯನ್ನು ಕೇಳದವರು ಯಾರು? ತಾನು ಕೆತ್ತಿದ ಪ್ರತಿಮೆಯ ಕಲ್ಲಿನೊಳಗೆ ದೋಷವಿದೆಯೆಂದು ಒಬ್ಬ ಹುಡುಗನು ಹೇಳಿದಾಗ, ಅದು ನಿಜವಾದರೆ ಬಲಗೈಯನ್ನು ಕಡಿದುಕೊಳ್ಳುವೆನೆಂದು ಅವನು ಆಣೆಯಿಟ್ಟನಂತೆ. ಕಲ್ಲಿನೊಳಗಿಂದ ಕಪ್ಪೆಯು ಹೊರಟಿತಂತೆ. ಅವನು ಕೈಯನ್ನು ಕಡಿದುಕೊಂಡನಂತೆ. ಇದು ಚರಿತ್ರೆಯಲ್ಲ, ಜನರ ಕಥೆ. ಬೇಲೂರಿನ ವಿಗ್ರಹಗಳ ಕೆಳಗೆ ದಾಸೋಜ, ಚಾವಣ ಮುಂತಾದವರ ಹೆಸರುಗಳಿವೆಯೇ ಹೊರತು ಜಕಣಾಚಾರಿಯ ಹೆಸರು ಕಾಣುವದಿಲ್ಲ. ಆದರೂ ಕಥೆಯ ಕಡೆಯ ಭಾಗವನ್ನು ಗಮನಿಸಿರಿ. ಅವನು ತುಮಕೂರಿನ ಬಳಿಯ ತನ್ನ ಊರಿಗೆ ಹೋಗಿ ಅಲ್ಲಿ ಇನ್ನೊಂದು ದೇವಾಲಯವನ್ನು ಕಟ್ಟಿದನು. ಕಟ್ಟಿ ಮುಗಿದ ಮೇಲೆ ಕೈ ತಿರಿಗಿ ಬಂದಿತು. ಆದದರಿಂದಲೇ ಆ ಊರಿಗೆ ಕೈದಾಳವೆಂಬ ಹೆಸರಾಯಿತು ಎಂದು ಹೇಳುವರು. ಕೈ ಬಂದ ಮೇಲೆ ಅವನು ಕೆಲಸಕ್ಕೆ ಹೋಗಲಿಲ್ಲ. ಕೈಯಿಲ್ಲದವನಾಗಿಯೇ ಹೋದನು. ಮೊದಲು ಕೆಲಸ, ಆ ಮೇಲೆ ಕೈ. ಕಥೆ ಕಟ್ಟಿದವರು ಬೇನೆಬಿದ್ದವರನ್ನು ಬಲ್ಲವರೇ ಆಗಿರಬೇಕು.

ಬೇಲೂರಿನಲ್ಲಿ ನಮಗೆ ಪರಿಚಯವಿರುವ ಮುದುಕರೊಬ್ಬರು ಇದ್ದಾರೆ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅವರು ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿಟ್ಟಿದ್ದರು. ತಿದಿಯೊತ್ತುವ ಕೈ ಬೇಗನೆ ಸೋಲುತ್ತಿತ್ತು. ವೈದ್ಯರನ್ನು ಕೇಳಿ ಅಪ್ಪಣೆ ಪಡೆದು, ಈಗ ನಿಧಾನವಾದ ರಾಗಗಳನ್ನು ಮಾತ್ರ ನುಡಿಸುತ್ತಾರೆ. “ಮೊದಲು ಬೆರಳು ಓಡುತ್ತಿತ್ತು, ಕಿವಿ ಹಿಂದೆ ಬೀಳುತ್ತಿತ್ತು, ಈಗ ಎರಡೂ ಜೊತೆಯಲ್ಲಿ ನಡೆಯುತ್ತವೆ,” ಎಂದು ನಮಗೆ ಹೇಳಿದರು. ಮೊದಲಿನಂತೆ ಆಗಬೇಕೆಂಬ ಹಟವನ್ನು ಬಿಟ್ಟರೆ ನಾಚಿಕೆಯು ತಾನಾಗಿಯೇ ಹೋಗುವದು.

ಮನೆಯವರಿಗೂ ಒಂದು ಮಾತು. ಬೇನೆಯವರ ಕೈಯಿಂದ ಎಲ್ಲವನ್ನೂ ತೆಗೆದುಕೊಂಡು, ನೀವು ಸುಮ್ಮನೆ ಮಲಗಿರಿ ಎನ್ನುವದು ಪ್ರೀತಿಯೇ. ಆದರೆ ಬಹು ದಿವಸ ಹಾಗೆ ಮಾಡಿದರೆ ಪ್ರೀತಿಯೇ ಕೈಕಟ್ಟಿದಂತಾಗುವದು. ಹಾಗೆಯೇ, ಯಾಕೆ ಸುಮ್ಮನೆ ಕೂತಿದ್ದೀರಿ, ಮೊದಲಿನಂತೆ ಏನಾದರೂ ಮಾಡಿರಿ ಎಂದು ನೂಕುವದೂ ಸರಿಯಲ್ಲ. ಕೆಲವರಿಗೆ ಹಳೇ ಕೆಲಸವು ತಿರಿಗಿ ಬರುವದಿಲ್ಲ, ಹೊಸದೊಂದು ಬರಬಹುದು, ಏನೂ ಬಾರದೆ ಜಗಲಿಯಲ್ಲಿ ಕೂತು ದಾರಿಹೋಕರನ್ನು ನೋಡುವದೇ ಅವರಿಗೆ ಸಾಕಾಗಬಹುದು. ಸಂತೋಷವನ್ನು ಕಟ್ಟಳೆಯಾಗಿ ಮಾಡಬಾರದು. ಪೆಟ್ಟಿಗೆಯನ್ನು ಅವರ ಕೈಗೆ ಸಿಕ್ಕುವಲ್ಲಿ ಇಡಿರಿ; ಬಾಯಿಂದ ಏನೂ ಹೇಳಬೇಡಿರಿ.

ಆರಂಭಿಸುವವರಿಗೆ ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಹೇಳುತ್ತೇವೆ. ದಿವಸಕ್ಕೆ ಕಾಲು ತಾಸು ಸಾಕು. ಹಗಲಿನ ಬೆಳಕಿನಲ್ಲಿ ಬೆನ್ನಿಗೆ ಆಧಾರವಿಟ್ಟು ಕೂತುಕೊಳ್ಳಿರಿ. ಎಂದು ಮುಗಿಯುವದೆಂದು ಎಣಿಸದೆ, ಇಂದಿನ ಹತ್ತು ಹೊಲಿಗೆಗಳನ್ನು ಎಣಿಸಿರಿ. ಬೇನೆಗೆ ಮುಂಚೆ ಹಾಕಿದ್ದನ್ನು ಬಿಚ್ಚಬೇಡಿರಿ. ಈಗ ಹಾಕಿದ್ದು ಸ್ವಲ್ಪ ಸೊಟ್ಟಗಿದ್ದರೆ ಅದನ್ನೂ ಬಿಚ್ಚಬೇಡಿರಿ. ಸೂಜಿಯು ಮಾತ್ರೆಗೆ ಬದಲಾಗದು. ಮಾತ್ರೆಯನ್ನು ನುಂಗಿಯೇ ಸೂಜಿಯನ್ನು ಹಿಡಿಯಿರಿ. ಎದೆನೋವು ಬಂದರೆ ಹೊಲಿಗೆಯಲ್ಲಿ ಮನಸ್ಸಿಟ್ಟು ಮರೆಯೋಣವೆನ್ನದೆ ಕೂಡಲೆ ಆಸ್ಪತ್ರೆಗೆ ಹೋಗಿರಿ.

ನಮ್ಮ ಮೇಜುವಸ್ತ್ರದ ನಾಲ್ಕನೆಯ ಮೂಲೆಯಲ್ಲಿ ಈಗ ಮೂರು ಎಲೆಗಳೂ ಒಂದು ಮೊಗ್ಗೂ ಆಗಿವೆ. ಹಳೇ ಎಲೆಯಾವದು, ಹೊಸ ಎಲೆಗಳು ಯಾವವು ಎಂದು ನೋಡಿದವರಿಗೆ ತಿಳಿದೇ ತಿಳಿಯುವದು.

ಕುಂಚಿಗೆಯ ವಿಷಯ: ಆನೆಯ ಬೆನ್ನಿನ ಗೆರೆಯನ್ನು ಸೊಸೆಯು ಹಿಂದಿರುಗಿ ತುಂಬಿದಳು, ಹೊಟ್ಟೆಯನ್ನೂ ಕಾಲುಗಳನ್ನೂ ಹಾಕಿದಳು. ಅಂಗಡಿಯಲ್ಲಿ ಅದೇ ಕೆಂಪು ನೂಲು ಸಿಕ್ಕದೆ ಸ್ವಲ್ಪ ತಿಳಿಯಾದದ್ದು ಸಿಕ್ಕಿತು, ಅದರಿಂದಲೇ ಹಾಕಿದಳು. ಸಂಕ್ರಾಂತಿಗೆ ಮುಂಚೆ ಚಳಿ ಬಲವಾಯಿತು. ಮಗುವಿಗೆ ಕುಂಚಿಗೆಯನ್ನು ಕಟ್ಟಿಕೊಂಡು ನಮಗೆ ತೋರಿಸಲು ಬಂದಾಗ ಆನೆಗೆ ಇನ್ನೂ ಬಾಲವಿರಲಿಲ್ಲ. ಮಗುವು ಬೆಚ್ಚಗೆ ನಿದ್ದೆ ಮಾಡುತ್ತಿತ್ತು.